ಮೊದಲ ಸಲಕ್ಕೇ ಹೂಂ ಅನ್ನಬಾರದು

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಬರುವ ಮುಂಚೆ ಅವ್ವ ನನ್ನನ್ನು ಬದಿಗೆ ಕರೆದು ಒಂದೇ ಬುದ್ಧಿಮಾತು ಹೇಳಿದಳು. ಪಾಸ್‌ಪೋರ್ಟ್ ಜೋಪಾನ, ಚಳಿಗೆ ಸ್ವೆಟರ್ ಹಾಕಿಕೋ ಎನ್ನುವುದನ್ನೆಲ್ಲ ಅಪ್ಪನ ಪಾಲಿಗೆ ಬಿಟ್ಟಿದ್ದಳು.

"ಯಾರ ಮನ್ಯಾಗರ ಏನರ ಕೊಡ್ತೀನಿ ಅಂದ್ರ ಮೊದಲ ಸಲಕ್ಕೇ ಹೂಂ ಅನಬ್ಯಾಡ. ಹಸದು ಬಂದಾಳ ಅಂತಾರ."

ಇದನ್ನು ನನಗೆ ಹೊಸದಾಗಿ ಹೇಳಬೇಕಿರಲಿಲ್ಲ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಮಾಡಲೇನು ಎಂದು ಕೇಳುತ್ತಾರೆ. ಒಲ್ಲೆ ಅನ್ನಬೇಕು. ಮತ್ತೆ ಕೇಳುತ್ತಾರೆ. ಈಗಷ್ಟೇ ಕುಡಿದು ಬಂದೆ ಅನ್ನಬೇಕು, ಬೆಳಗಿನಿಂದ ತೊಟ್ಟು ನೀರು ಕುಡಿದಿರದಿದ್ದರೂ. ಮೂರನೆಯ ಸಲ ಅವರು ಸ್ವಲ್ಪ ಸಿಟ್ಟಾದವರಂತೆ ಒತ್ತಾಯ ಮಾಡುತ್ತಾರೆ. ಆಗ, ಹೋಗಲಿ ಅರ್ಧ ಕಪ್ಪು ಕೊಡಿ ಎಂದು ತುಂಬಿದ ಕಪ್ಪು ಕುಡಿದು ಬರಬೇಕು. ಶಹಾಪುರದ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂತೂ ಕೂತೂ ಈ ಆಟ ನನಗೆ ಬಾಯಿಪಾಠವಾಗಿತ್ತು.

ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಹೊಲಗಳಲ್ಲಿ ಜೋಳ ಹಿಂದೆ ಸರಿದು ಭತ್ತ ಬಂತು. ಭತ್ತದ ಬೆನ್ನಿಗೇ ಅಪ್ಪನ ಅಂಗಡಿಗೆ ಗಿರಾಕಿಗಳು ಬಂದರು. ಸಗರದಲ್ಲಿದ್ದ ನಮ್ಮ ತುಂಡು ಹೊಲಕ್ಕೂ ನೀರಿನ ಪಾಳಿ ಸಿಕ್ಕಿತು. ಮನೆಗೆ ಆ ಕಳೆ ಬಂದ ಹೊತ್ತಿನಲ್ಲೇ ನಾನು ಐರ್ಲೆಂಡಿಗೆ ಹೋಗಿ ಬಿ.ಕಾಂ., ಅದರಲ್ಲೂ ಮಾರ್ಕೆಟಿಂಗ್ ಓದುತ್ತೇನೆಂದು ಹಟ ಹಿಡಿದೆ. "ಬಿ.ಕಾಂ. ಸುರಪುರದಾಗ ಸಿಗಲ್ಲೇನು?" ಎಂದು ಕೇಳದ ನೆಂಟರಿಲ್ಲ. ಸಿಗುತ್ತದೆ, ನೀವೇ ಹೋಗಿ ಸೇರಿಕೊಳ್ಳಿ ಎಂದು ಬಾಯಿಗೆ ಬರುತ್ತಿತ್ತು. ಅಪ್ಪ ಕಣ್ಣು ಬಿಟ್ಟರೆ ನುಂಗಿಕೊಳ್ಳುತ್ತಿದ್ದೆ.

ಐರ್ಲೆಂಡಿನಲ್ಲಿ ಲೆಕ್ಕಶಾಸ್ತ್ರ ನನಗೆ ಕಾಟ ಕೊಡಲಿಲ್ಲ. ಲೆಕ್ಕ ಯಾವ ಭಾಷೆಯಲ್ಲಿದ್ದರೂ ಲೆಕ್ಕವೇ. ಕಾಟ ಕೊಟ್ಟದ್ದು ಮಾರ್ಕೆಟಿಂಗ್. ಅದೆಲ್ಲ ಮಾತು, ಬರೀ ಮಾತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು ನಾನು. ತಲೆಯೊಳಗೆ ಇಂಗ್ಲಿಷಿನ ಒಂದು ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದಿನ ಪಾಠಕ್ಕೆ ಹೋಗಿರುತ್ತಿತ್ತು. ಒಂದು ದಿನ ಮೇಷ್ಟ್ರು, ಗಿರಾಕಿ ಬೇಡ ಅಂದ ಮೇಲೇ ನಿಜವಾದ ವ್ಯಾಪಾರ ಶುರುವಾಗುವುದು ಎಂದರು. ಇದು ನಮ್ಮ ಅಂಗಡಿಯ ಮಾತು ಎಂದು ನನಗೆ ಖುಷಿಯಾಯಿತು. ಆ ತರಗತಿಯಲ್ಲಿ ನಾನು ಮೊದಲ ಸಲ ನಕ್ಕದ್ದು ಅವತ್ತೇ.

ಕೊನೆಯ ವರ್ಷ ಯಾವುದಾದರೂ ವ್ಯಾಪಾರದಲ್ಲಿ ಕೆಲವು ತಿಂಗಳು ಕೆಲಸ ಮಾಡಲೇಬೇಕಿತ್ತು. ಅದಿಲ್ಲದೆ ಡಿಗ್ರಿ ಇಲ್ಲ. ಕೇಳಿದ ಕಂಪನಿಗಳೆಲ್ಲ ಆಗಲ್ಲ ಅಂದವು. ಕೊನೆ ತಾರೀಖು ಹತ್ತಿರ ಬಂದು ನನಗೆ ಊಟ ಸೇರದಂತಾಯಿತು. ನನ್ನ ಕೋಣೆಯ ಹತ್ತಿರ ಬೇಳೆಕಾಳು, ಮಸಾಲೆ ಮಾರುವ ಒಂದು ಅಂಗಡಿಯಿತ್ತು. ಶನಿವಾರ ಅಲ್ಲಿ ತೊಗರಿಬೇಳೆ ತರುತ್ತಿದ್ದೆ. ಅಂಗಡಿಯ ಒಡತಿ ಬಿಳಿಗೂದಲಿನ ಹೆಂಗಸು, ನಮ್ಮ ದೇಶದವಳಲ್ಲ, ಆ ಊರಿನವಳೇ. ಒಂದು ಶನಿವಾರ ಬೇಳೆ ತೂಗುತ್ತ ಏನು ಓದುತ್ತೀ ಎಂದು ಕೇಳಿದಳು. ಹೇಳಿದೆ. ಹಾಗಾದರೆ ನಮ್ಮಲ್ಲೇ ಬಂದು ಕೆಲಸ ಕಲಿಯಬಹುದಲ್ಲ, ಬರುತ್ತೀಯಾ ಎಂದಳು.

ನನ್ನ ಮನಸ್ಸು ಆಗಲೇ ಹೂಂ ಅಂದಿತ್ತು. ಬಾಯಿ ಮಾತ್ರ ಅವ್ವ ಕಲಿಸಿದ್ದನ್ನೇ ಹೇಳಿತು. ಬೇಡ ಬೇಡ, ನಿಮಗೆ ಸುಮ್ಮನೆ ತೊಂದರೆ ಎಂದೆ. ಆ ದೇಶಕ್ಕೆ ಹೋದ ಮೇಲೆ ಅಷ್ಟು ಅಚ್ಚುಕಟ್ಟಾದ ಇಂಗ್ಲಿಷನ್ನು ನಾನು ಅದುವರೆಗೆ ಆಡಿರಲಿಲ್ಲ. ಅವಳು ನನ್ನ ಮುಖ ನೋಡಿ, ಸರಿ, ನಿನ್ನಿಷ್ಟ ಎಂದು ಬೇಳೆಯ ಚೀಲ ಕಟ್ಟಿಕೊಟ್ಟಳು.

ನಾನು ಕುಣಿಯುತ್ತಲೇ ಕೋಣೆಗೆ ಬಂದೆ. ಇನ್ನೆರಡು ಸಲ ಕೇಳಿದರೆ ಆಯಿತಲ್ಲ.

ಮುಂದಿನ ಶನಿವಾರ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದೆ. ಅವಳು ಮಳೆಯ ಬಗ್ಗೆ ಮಾತಾಡಿದಳು. ಅದರ ಮುಂದಿನ ಶನಿವಾರವೂ ಮಳೆಯೇ. ಕೇಳಲು ಅವಳಿಗೆ ಪುರುಸೊತ್ತು ಸಿಗಲಿ ಎಂದು ಬೇಡದ ಜೀರಿಗೆ ಕೊಂಡು ಅಲ್ಲೇ ಸುಳಿದಾಡಿದೆ. ಕೋಣೆಯಲ್ಲಿ ಜೀರಿಗೆ ಬೆಳೆಯುತ್ತ ಹೋಯಿತೇ ಹೊರತು ಅವಳು ಕೇಳಲಿಲ್ಲ. ಕಾಲೇಜಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಮೇಡಂ ನನ್ನ ಕಥೆ ಕೇಳಿ, ನೀನೇ ಬೇಡ ಅಂದೆಯಲ್ಲ, ಮತ್ತೇನು ಎಂದರು. ಮುಂದಿನ ವಾರದೊಳಗೆ ಜಾಗ ಸಿಗದಿದ್ದರೆ ಡಿಗ್ರಿ ಕೈತಪ್ಪಿದಂತೆ ಎಂದೂ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಒಮ್ಮೆ ಕೇಳಿ ಬಿಟ್ಟುಬಿಡುವುದೂ ಒಂದು ಕೇಳುವುದೇ?

ಮನೆಗೆ ಫೋನ್ ಮಾಡಿದೆ. ಅಪ್ಪ ಅವ್ವ ಇಬ್ಬರೂ ಸ್ಪೀಕರಿಗೆ ಬಂದರು.

"ತಡಿ, ಇನ್ನೊಮ್ಮಿ ಕೇಳ್ತಾಳ," ಅಂದಳು ಅವ್ವ. "ನೀನಾಗೇ ಹೋಗಿ ಕೈ ಚಾಚಬ್ಯಾಡ."

"ಆಕಿ ಕೇಳಂಗಿಲ್ಲ," ಅಂದರು ಅಪ್ಪ. "ಕಾಲುವಿ ನೀರಿನ ಪಾಳಿ ನಮಗ ಬಂದಾಗ ಒಲ್ಲೆ ಅಂದ್ರ ಏನಾಗ್ತದ? ಮುಂದಿನವರ ಹೊಲಕ್ಕ ಹೋಗ್ತದ. ಅದು ತಿರುಗಿ ಬಂದು ನಿನ್ನ ಕೈ ಹಿಡೀತದೇನು?"

"ಮತ್ತ ಏನ್ ಮಾಡ್ಲಿ?"

"ಹೋಗಿ ಬಾಯಿಬಿಟ್ಟು ಕೇಳು. ಡಿಗ್ರಿ ಹೋದ್ರ ನಿಮ್ಮವ್ವ ಕೊಡ್ತಾಳೇನು?"

ಮರುದಿನ ಅವಳ ಅಂಗಡಿಗೆ ಹೋದೆ. ಗಿರಾಕಿಗಳು ಖಾಲಿಯಾಗುವವರೆಗೂ ಕಾದೆ. ಇನ್ನೊಬ್ಬರ ಮನೆಯಲ್ಲಿ ಒಂದು ಲೋಟ ನೀರನ್ನೂ ನಾನಾಗಿ ಕೇಳಿದವಳಲ್ಲ. ಆ ಜಾಗ ಇನ್ನೂ ಇದ್ದರೆ ನನಗೆ ಬೇಕು ಎಂದೆ. ಅವಳು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟಳು. ನಮ್ಮ ಅಂಗಡಿ ನಿನಗೆ ಸಣ್ಣದಾಯಿತು ಅಂದುಕೊಂಡಿದ್ದೆ, ನನಗೂ ಬೇಜಾರಾಗಿತ್ತು ಎಂದಳು. ನಾನು ನಮ್ಮ ಪದ್ಧತಿಯನ್ನು ಹೇಳಿದೆ, ಎರಡು ಸಲ ಒಲ್ಲೆ, ಮೂರನೆಯದಕ್ಕೆ ಹೂಂ. ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹಾಗಾದರೆ ನಾನೀಗ ಎಷ್ಟು ಸಲ ಕೇಳಬೇಕು ಎಂದಳು. ಒಂದೇ ಸಾಕು ಎಂದೆ. ಅವಳು ಕೇಳಿ ಮುಗಿಸುವ ಮುಂಚೆಯೇ ಹೂಂ ಅಂದುಬಿಟ್ಟೆ.

ಆ ತಿಂಗಳುಗಳಲ್ಲಿ ನಾನು ಕಲಿತ ಮಾರ್ಕೆಟಿಂಗ್ ಎಷ್ಟೋ, ಹೂಂ ಅನ್ನುವುದನ್ನಂತೂ ಚೆನ್ನಾಗಿ ಕಲಿತೆ. ಚಹಾ? ಹೂಂ. ಕಾರಿನಲ್ಲಿ ಬಿಡಲಾ? ಹೂಂ. ಎಷ್ಟು ಹಗುರ ಅನ್ನಿಸಿತೆಂದರೆ, ನಮ್ಮ ಕಡೆಯದೆಲ್ಲ ಬರೀ ನಾಟಕ ಎಂದು ಫೋನಿನಲ್ಲಿ ಅವ್ವನಿಗೇ ಹೇಳಿದೆ. "ಆಯ್ತವ್ವ, ನೀ ಶಾಣ್ಯಾಕಿ," ಅಂದಳು ಅವ್ವ.

ಡಿಗ್ರಿ ತಗೊಂಡು ಬಂದ ವಾರ ಶಹಾಪುರದಿಂದ ವನದುರ್ಗಕ್ಕೆ ಹೋದೆ. ಅಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ ಇದ್ದಾಳೆ. ಅವರ ಹೊಲ ಏರಿನ ಮೇಲಿದೆ, ಕಾಲುವೆ ನೀರು ಅಲ್ಲಿಗೆ ಹತ್ತುವುದಿಲ್ಲ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅತ್ತೆ ಚಾಪೆ ಹಾಸಿ ನನ್ನನ್ನು ಕೂರಿಸಿ, ಕೆನ್ನೆ ಸವರಿ, "ಪಾಸ್ ಆದೆಂತಲ್ಲ ನನ್ನವ್ವ. ಚಾ ಮಾಡ್ಲೇನು?" ಎಂದಳು.

"ಹೂಂ ಮಾಡು ಅತ್ತಿ. ನಿನ್ನ ಕೈ ಚಾ ಕುಡದು ಬಾಳ ದಿನ ಆಯ್ತು."

ಅತ್ತೆ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ನಗುತ್ತಲೇ ಒಳಗೆ ಹೋದಳು. ಡಬ್ಬಿಗಳು ತೆರೆದು ಮುಚ್ಚಿದ ಸದ್ದಾಯಿತು. ಹಿತ್ತಲ ಬಾಗಿಲು ಮೆಲ್ಲಗೆ ಕಿರುಗುಟ್ಟಿತು. ಕಿಟಕಿಯಿಂದ ನೋಡಿದೆ. ಸೆರಗಿನೊಳಗೆ ಚೆಂಬು ಮುಚ್ಚಿಟ್ಟುಕೊಂಡು ಅತ್ತೆ ಓಣಿ ದಾಟುತ್ತಿದ್ದಳು. ಒಂದು ಬಾಗಿಲಲ್ಲಿ ನಿಂತಳು. ಅಲ್ಲಿಯ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ಮುಂದಿನ ಬಾಗಿಲಿಗೆ ಹೋದಳು.

ನಾನು ಒಲ್ಲೆ ಅಂದಿದ್ದರೆ ಹಾಲಿಲ್ಲದ್ದು ಓಣಿಗೆ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಚಹಾ ಮಾಡಲೇನು ಎಂದು ಕೇಳಿದ ಮರ್ಯಾದೆಯೂ ಅತ್ತೆಗೆ ಉಳಿಯುತ್ತಿತ್ತು. ಅವ್ವ ಇದನ್ನು ಬಿಡಿಸಿ ಹೇಳಿರಲಿಲ್ಲ. ಹಸಿದು ಬಂದಾಳೆ ಅಂತಾರೆ ಎಂದಷ್ಟೇ ಹೇಳಿದ್ದಳು.

ಚಹಾ ಬಂತು. ತುಂಬಿದ ಕಪ್ಪು, ಆದರೆ ಒಂದೇ.

"ನಿನಗ ಅತ್ತಿ?"

"ನಂದು ಈಗಷ್ಟ ಆಗ್ಯದ."

ನಾನು ಹೇಳಬೇಕಾಗಿದ್ದ ಮಾತನ್ನು ಅವಳು ಹೇಳಿದಳು. ನಾನು ಚಹಾ ಕುಡಿದು ಮುಗಿಸುವವರೆಗೂ ನನ್ನನ್ನೇ ನೋಡುತ್ತ ಕೂತಿದ್ದಳು.

"ಇನ್ನೊಂದೀಟು ಹಾಕ್ಲೇನು?"

"ಒಲ್ಲೆ ಅತ್ತಿ."

"ಹಾಕಿಸ್ಕೊ, ಬಾಳ ದಿನಕ್ಕ ಬಂದೀದಿ."

"ಬರೋವಾಗ ಮನ್ಯಾಗ ಕುಡದೇ ಬಂದೀನಿ. ಒಲ್ಲೆ."

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟಳು. ಮೂರನೆಯ ಸಲ ಕೇಳಲಿಲ್ಲ.