ಮರಾಠರು ಎಷ್ಟು ದಿನ ಕೂತಿದ್ದರು?

ನಿನ್ನೆ ಕಡ್ಲೆಪುರಿ ಕಟ್ಟಿಕೊಟ್ಟಿದ್ದ ಪತ್ರಿಕೆಯ ಹಾಳೆಯನ್ನು, ಪುರಿ ಮುಗಿದ ಮೇಲೆ ಸುಮ್ಮನಿರಲಾರದೆ ಬಿಡಿಸಿ ಓದಿದೆ. ಎಲ್ಲಿಯದೋ ಸೇನೆ ಯಾರದೋ ಊರಿಗೆ ಹೋಗಿ ಬೀಡುಬಿಟ್ಟಿತ್ತು. ಇದು ಇಂಥ ಕಾಲದ ಇಂಥ ದಂಡಿನ ಹಾಗೆ ಎಂದು ಬರೆದಿದ್ದರು. ಪತ್ರಿಕೆಯವರ ಗುಣವೇ ಅದು ನೋಡಿ, ಹೊಸ ದಂಡಿನ ಪಕ್ಕದಲ್ಲಿ ಹಳೆಯದೊಂದನ್ನು ತಂದು ನಿಲ್ಲಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ನಮ್ಮ ಮಾವನವರಿಗೂ ಇರಲಿಲ್ಲ.

ನಾನು ಮಾಗಡಿಗೆ ಸೊಸೆಯಾಗಿ ಬಂದಾಗ ಜರ್ಮನಿಯ ಯುದ್ಧ ನಡೆಯುತ್ತಿತ್ತು. ನನ್ನ ಮೈದುನ ಮಹಾರಾಜರ ಕುದುರೆ ದಂಡಿನ ಜೊತೆ ಹಡಗು ಹತ್ತಿ ಈಜಿಪ್ಟಿಗೆ ಹೋಗಿದ್ದ. ಪೇಟೆಯಲ್ಲಿ ಬೆಲ್ಲದಂಗಡಿ ಇಟ್ಟಿದ್ದ ಮಾವ ವಾರಕ್ಕೊಮ್ಮೆ ಪತ್ರಿಕೆ ತಂದು, ಹಣೆಯ ವಿಭೂತಿ ಬೆವರಿಗೆ ಕರಗುವವರೆಗೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅದರಲ್ಲಿ ಮೈದುನನ ದಂಡಿಗೆ ರೋಮಿನ ಚಕ್ರವರ್ತಿಗಳ ಹೋಲಿಕೆ ಬಂದರೆ, ನಮಗೆಲ್ಲಿ ಅರ್ಥವಾದೀತು ಎಂದು, ಹಿಂದೆ ಈ ಸೀಮೆಗೆ ಬಂದಿದ್ದ ಮರಾಠರ ದಂಡನ್ನು ಆ ಜಾಗಕ್ಕೆ ಹಾಕಿಬಿಡುವರು. ನಾನಂತೂ ಬಹಳ ಕಾಲ ಮರಾಠರು ಈಜಿಪ್ಟಿಗೂ ಹೋಗಿದ್ದರೆಂದೇ ನಂಬಿದ್ದೆ.

ಒಂದು ದಿನ ಮುದ್ದೆ ತೊಳಸುತ್ತಿದ್ದ ಅತ್ತೆ ಒಳಗಿನಿಂದಲೇ ಕೇಳಿದರು: "ಆ ಮರಾಟ್ರು ಎಷ್ಟು ದಿನ ಕೂತಿದ್ರು?"

"ದಿನವಾ? ವರ್ಷಗಟ್ಲೆ ಕಣೆ," ಎಂದರು ಮಾವ, ತಾವೇ ಕೂರಿಸಿದವರ ಹಾಗೆ ಹೆಮ್ಮೆಯಿಂದ.

ಅವತ್ತು ಮುದ್ದೆಯೆಲ್ಲ ಗಂಟು. ಅತ್ತೆ ಉಣ್ಣಲಿಲ್ಲ. ಮರಾಠರ ಹಾಗೆ ಈ ದಂಡೂ ಅಲ್ಲಿ ಕೂತಷ್ಟು ದಿನ ಮಗ ಬರುವುದಿಲ್ಲ ಎಂಬುದು ಮಾವನಿಗೆ ಆಗ ಹೊಳೆಯಿತು. ಮುಂದಿನ ವಾರದಿಂದ ಅವರ ಓದಿನಲ್ಲಿ ಮರಾಠರ ಕಾಲ ಕುಗ್ಗುತ್ತ ಬಂತು. ಮೊದಲು ಒಂದು ವರ್ಷ, ಆಮೇಲೆ ಒಂದು ಮಳೆಗಾಲ, ಕೊನೆಗೆ ಪಾಪ, ಅವರೆಕಾಯಿ ಬಿಡುವುದಕ್ಕೂ ಕಾಯದೆ ಹೊರಟೇಹೋದರು. ಅತ್ತೆ ಕೇಳಿಸಿಕೊಂಡು ಉಣ್ಣುತ್ತಿದ್ದರು.

ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಮೈದುನ ಬಂದ, ಕಪ್ಪಗೆ, ಸಣ್ಣಗೆ. ಮಾವ ಅವನಿಗೆ ನೀರು ಕುಡಿಯಲೂ ಬಿಡದೆ, ನಿಮ್ಮ ದಂಡು ಮರಾಠರ ಹಾಗಿತ್ತೋ ಹೇಗೆ ಎಂದು ಕೇಳಿದರು.

"ಅದೆಲ್ಲ ನಂಗೊತ್ತಿಲ್ಲ ಕಣಪ್ಪ," ಎಂದ. "ನಾವು ಕುದ್ರೆ ಕಟ್ತಿದ್ದ ಮನೇಲಿ ಒಬ್ಳು ಮುದುಕಿ ಇದ್ಳು. ದಿನಾ ಒಂದೇ ಮಾತು ಕೇಳೋಳು. ನಂಗೆ ಅರ್ಥ ಆಗಕ್ಕೇ ಎಷ್ಟೋ ದಿನ ಆಯ್ತು. ಯಾವಾಗ ಹೋಯ್ತೀರಾ ಅಂತ."

ನೀನೇನು ಹೇಳಿದೆ ಎಂದು ಅತ್ತೆ ಕೇಳಿದರು. ಗೊತ್ತಿಲ್ಲ ಅಂದೆ, ಎಂದ.

"ಬೇಗ ಹೋಯ್ತೀವಿ ಅನ್ನಬಾರ್ದಾಗಿತ್ತೇನ್ಲಾ," ಎಂದರು ಅತ್ತೆ. "ನಿಮ್ಮಪ್ಪ ನಂಗೆ ವಾರವಾರ ಹೇಳ್ತಿರ್ಲಿಲ್ವಾ. ಸುಳ್ಳೂಂತ ಗೊತ್ತಿದ್ರೂ ಒಂದು ತುತ್ತು ಇಳೀತಿತ್ತು."

ನಿನ್ನೆ ಆ ಹಾಳೆಯ ಹೋಲಿಕೆಗಳನ್ನೆಲ್ಲ ಹಾರಿಸಿ, ಆ ಊರಿನ ಮುದುಕಿಯರು ಏನಂದರೆಂದು ಹುಡುಕಿದೆ. ಅವರನ್ನು ಯಾರೂ ಕೇಳಿರಲಿಲ್ಲ.