ಕಾಲಿನಲ್ಲೇ ಹೋಗಬೇಕಾದ ಖಣ

ನಮ್ಮ ಸಿಂಧನೂರು ಕಡೆ ನಲವತ್ತಾರರ ಹೆಂಗಸೊಬ್ಬಳು ರಸ್ತೆಯಲ್ಲಿ ಓಡುತ್ತಿದ್ದರೆ ಏನರ್ಥ? ಮನೆಯಲ್ಲಿ ಯಾರಿಗೋ ಏನೋ ಆಗಿದೆ, ಇಲ್ಲವೇ ಬಸ್ಸು ತಪ್ಪಿದೆ. ಹಾಗಾಗಿ ನಾನು ಓಡಿದಲ್ಲೆಲ್ಲ ಬೈಕುಗಳು ನಿಲ್ಲುತ್ತವೆ. ಹತ್ರಿ ಟೀಚರ್, ಬಿಡ್ತೀವಿ ಅನ್ನುತ್ತಾರೆ. ಬೇಡ ಎಂದರೆ ಅವರಿಗೇ ಬೇಜಾರು!

ಶುರುವಾದದ್ದು ಶುಗರ್‌ನಿಂದ. ಡಾಕ್ಟರು ವಾಕಿಂಗ್ ಮಾಡಿ ಎಂದರು. ವಾಕಿಂಗ್ ಮಹಾ ಬೋರು. ಒಂದು ಬೆಳಿಗ್ಗೆ ದಢೇಸುಗೂರು ಕಡೆಯ ಕಾಲುವೆ ಏರಿಯ ಮೇಲೆ ಸುಮ್ಮನೆ ಓಡಿಬಿಟ್ಟೆ. (ಯಾರೂ ನೋಡುತ್ತಿರಲಿಲ್ಲ, ಅದೇ ಧೈರ್ಯ.) ನಿಲ್ಲಬೇಕು ಅನ್ನಿಸಲೇ ಇಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಪ್ರೀತಿ ಹುಟ್ಟುತ್ತದೆಯೇ? ಹುಟ್ಟಿತು. ಮಣ್ಣುದಾರಿಯ ಓಟಕ್ಕೆ ಟ್ರೇಲ್ ರನ್ನಿಂಗ್ ಅನ್ನುತ್ತಾರೆ, ಮ್ಯಾರಥಾನಿಗಿಂತ ದೂರ ಓಡಿದರೆ ಅಲ್ಟ್ರಾ, ಎಂದೆಲ್ಲ ಆಮೇಲೆ ಮೊಬೈಲಿನಲ್ಲಿ ಓದಿದೆ.

ಯುಗಾದಿಗೆ ಮುಂಚಿನ ಒಂದು ಭಾನುವಾರ. ಲಿಂಗಸುಗೂರಿನಿಂದ ಮಸ್ಕಿಯವರೆಗೆ ಹೊಲದ ದಾರಿಯಲ್ಲಿ ಓಡಿ, ಅಲ್ಲಿಂದ ಬಸ್ಸು ಹತ್ತಿ ಮನೆಗೆ ಬರುವುದು ನನ್ನ ಪ್ಲ್ಯಾನ್. ಮಸ್ಕಿಯಲ್ಲಿ ಶ್ರೀಶೈಲದ ಪಾದಯಾತ್ರಿಗಳಿಗೆಂದು ಹಾಕಿದ್ದ ಪೆಂಡಾಲಿನಲ್ಲಿ ಮಜ್ಜಿಗೆ ಕುಡಿಯಲು ನಿಂತೆ. ಪಕ್ಕದಲ್ಲೇ ಒಬ್ಬ ಅಜ್ಜಿ ಹಸಿರು ಖಣವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು.

ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯವರಿಗೆ ಬರೀ ದೇವಿಯಲ್ಲ, ಮನೆಮಗಳು. ವರ್ಷಕ್ಕೊಮ್ಮೆ ತವರಿನಿಂದ ಅವಳಿಗೆ ಸೀರೆ, ಕುಪ್ಪಸದ ಖಣ ಹೋಗಬೇಕು. ಮೊಣಕಾಲು ಗಟ್ಟಿ ಇರುವತನಕ ಅಜ್ಜಿಯೇ ಒಯ್ಯುತ್ತಿದ್ದಳಂತೆ. ಆಮೇಲೆ ಓಣಿಯ ಪಾದಯಾತ್ರಿಗಳ ಕೈಯಲ್ಲಿ ಕಳಿಸುತ್ತಿದ್ದಳು. ಈ ಸಲ ಮಗಳ ಹೆರಿಗೆಗೆಂದು ಹಟ್ಟಿ ಊರಿಗೆ ಹೋಗಿ ಬರುವಷ್ಟರಲ್ಲಿ ಅವರು ನಸುಕಿನಲ್ಲೇ ಹೊರಟುಹೋಗಿದ್ದರು.

ಬೈಕಿನಲ್ಲಿ ಒಯ್ದು ಕೊಡುತ್ತೇವೆಂದು ಪೆಂಡಾಲಿನವರು ಎಷ್ಟು ಹೇಳಿದರೂ ಅಜ್ಜಿ ಒಪ್ಪಿರಲಿಲ್ಲ. ನನ್ನ ಶೂ ನೋಡಿದಳು, ಮುಖ ನೋಡಿದಳು.

"ಯವ್ವಾ, ಇದು ಗಾಡಿ ಹತ್ತಂಗಿಲ್ಲ. ಕಾಲಿಲೇ ಹೋಗಬೇಕು. ನೀ ಹೆಂಗೂ ಓಡಾಕತ್ತಿ, ಮುಟ್ಟಿಸ್ತೀಯೇನು?"

ನನ್ನ ಕಾಲು ಆಗಲೇ ಸೋತಿತ್ತು. ಆದರೆ ಅವ್ವ ತೀರಿಕೊಂಡ ಮೇಲೆ ನನಗೂ ತವರಿನಿಂದ ಖಣ ಬಂದಿಲ್ಲ. ಹಬ್ಬದ ದಿನ ಬಾಗಿಲ ಕಡೆ ನೋಡುವುದನ್ನು ಮಾತ್ರ ನಾನಿನ್ನೂ ಬಿಟ್ಟಿಲ್ಲ. ಕೈ ಚಾಚಿ ಖಣ ತೆಗೆದುಕೊಂಡೆ.

ಬರಿಗಾಲಿಗೆ ಟಾರು ಸುಡುತ್ತದೆಂದು ಅಜ್ಜಿಯ ಓಣಿಯ ಪಾದಯಾತ್ರಿಗಳು ಕಾಲುವೆ ಏರಿ ಹಿಡಿದಿದ್ದಾರೆ, ಮಧ್ಯಾಹ್ನ ಸಿಂಧನೂರಿನ ಹತ್ತಿರ ಊಟಕ್ಕೆ ನಿಲ್ಲುತ್ತಾರೆ ಎಂದರು ಪೆಂಡಾಲಿನವರು. ಖಣವನ್ನು ಬೆನ್ನಿನ ಬ್ಯಾಗಿಗೆ ಹಾಕಿಕೊಂಡು ನಾನೂ ಅದನ್ನೇ ಹಿಡಿದೆ. ಬಿಸಿಲು ಏರಿತು. ತೊಡೆ ಸೆಟೆದುಕೊಂಡಿತು. ಸ್ವಲ್ಪ ಓಡಿದೆ, ಸ್ವಲ್ಪ ಕುಂಟಿದೆ, ಒಂದು ಕಡೆ ಕೂತೇಬಿಟ್ಟೆ. ದಾರಿಯಲ್ಲಿ ಬಂದ ಬೈಕಿನವನೊಬ್ಬ ನೀರು ಕೊಟ್ಟು, ಹತ್ರಿ ಅಂದ. ಖಣದ ವಿಷಯ ಹೇಳಿದೆ. ಕೈಮುಗಿದು ಹೋದ. ಎಷ್ಟು ಕಿಲೋಮೀಟರ್ ಆಯಿತೆಂದು ವಾಚು ನೋಡಲೂ ಮರೆತಿದ್ದೆ (ಅದು ನನ್ನ ಮೊದಲ ಅಲ್ಟ್ರಾ ಎಂದು ಹೊಳೆದದ್ದು ಬಹಳ ಹೊತ್ತಿನ ಮೇಲೆ). ಅವರು ಊಟಕ್ಕೆ ನಿಂತಲ್ಲಿಂದ ಏಳುವ ಮುಂಚೆ ಸಿಕ್ಕರೆ ಸಾಕಾಗಿತ್ತು.

ಸಿಂಧನೂರಿನ ಹತ್ತಿರ, ಬೇವಿನ ಮರಗಳ ಕೆಳಗೆ ಸಿಕ್ಕರು. ಗಂಟು ಕಟ್ಟಿ ಏಳುತ್ತಿದ್ದರು. ಗುಂಪಿನ ಹಿರಿಯಾಕೆಗೆ ಅಜ್ಜಿಯ ಸುದ್ದಿ ಹೇಳಿ ಖಣ ಕೊಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ, ಬೇಡವೆಂದರೂ ಬಿಡದೆ, ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದಳು. ನನಗೆ ಅಳು ತಡೆಯಲಾಗಲಿಲ್ಲ.

ತಿಕ್ಕಿ ಮುಗಿಸಿ ಖಣವನ್ನು ತಿರುಗಿ ನನ್ನ ಮಡಿಲಿಗೇ ಹಾಕಿದಳು.

"ಆಕಿ ನಿನ್ನ ಕೈಯಾಗ ಕೊಟ್ಟಾಳ. ಇಷ್ಟು ದೂರ ಓಡಿ ಬಂದು, ಮಗಳ ಮುಖ ನೋಡದ ಹೊಳ್ಳಿ ಹೋಗ್ತೀಯೇನು?"

ನನ್ನ ಮನೆ ಅಲ್ಲಿಂದ ಕೂಗಳತೆ ದೂರ. ಮನೆಯವರಿಗೆ ಫೋನ್ ಮಾಡಿದೆ, ಶಾಲೆಗೆ ರಜೆ ಹೇಳಿದೆ, ಅವರ ಹಿಂದೆ ಹೆಜ್ಜೆ ಹಾಕಿದೆ.

ನೀವೇ ಹೇಳಿ, ಖಣ ಹಿಡಿದು ಹೊರಟ ತವರಿನವರು ಅರ್ಧ ದಾರಿಯಿಂದ ಮರಳುವುದುಂಟೇ?