ಹನ್ನೆರಡು ಜನರ ‘ಸೂಪರ್’

ಹೋದ ತಿಂಗಳ ಒಂದು ಭಾನುವಾರ ನಮ್ಮ ದೊಡ್ಡಮ್ಮ ಆಲ್ಕೊಳ ಸರ್ಕಲ್‌ನಲ್ಲಿ ಮುಕ್ಕಾಲು ಗಂಟೆ ನಿಂತರು. ಮೊಬೈಲ್ ಆ್ಯಪ್ ತೋರಿಸಿದ ಸಿಟಿ ಬಸ್ಸು ಬರಲೇ ಇಲ್ಲ. ಕೊನೆಗೆ ಆಟೊ ಹಿಡಿದು ಮನೆ ಸೇರಿದರು. ಸೇರಿದವರು ಅದೇ ಆ್ಯಪ್ ತೆರೆದು, ಅಭಿಪ್ರಾಯ ಕೇಳಿದ್ದ ಜಾಗದಲ್ಲಿ ಬರೆದರು: ‘ಸೂಪರ್ ಪುಟ್ಟಿ’.

ಪುಟ್ಟಿ ಅಂದರೆ ರಂಜಿತಾ, ಭದ್ರಾವತಿಯ ನನ್ನ ಚಿಕ್ಕಮ್ಮನ ಮಗಳು. ಶಿವಮೊಗ್ಗದ ಸಿಟಿ ಬಸ್‌ಗಳ ಟೈಮಿಂಗ್ ತೋರಿಸುವ ಆ ಆ್ಯಪ್ ಅವಳದೇ. ಇಲ್ಲಿನ ಒಂದು ಸಣ್ಣ ಕಂಪನಿ ಅವಳನ್ನು ಇಂಟರ್‌ವ್ಯೂಗೆ ಕರೆದಿತ್ತು. ಷರತ್ತು ಒಂದೇ: ಸರ್ಟಿಫಿಕೇಟ್ ಬೇಡ, ಆ್ಯಪ್ ಸ್ಟೋರ್‌ನಲ್ಲಿರುವ ನಿಮ್ಮ ಆ್ಯಪಿನ ಲಿಂಕ್ ತನ್ನಿ. (ಸದ್ಯ, ಯಾರಾದರೂ ಸರಿಯಾದದ್ದನ್ನು ಕೇಳಿದರಲ್ಲ.)

ಸರ್ಟಿಫಿಕೇಟ್ ಅವಳ ಬಳಿ ಇತ್ತು, ಲ್ಯಾಮಿನೇಟ್ ಆಗಿ. ಕೋಚಿಂಗ್ ಸೆಂಟರ್‌ನಲ್ಲಿ ಮೂರು ತಿಂಗಳು ಕಲಿತ ಸಾಫ್ಟ್‌ವೇರನ್ನು ‘ಇನ್ನು ಬಳಸಬೇಡಿ’ ಎಂದು ಅದನ್ನು ರೂಪಿಸಿದವರೇ ಬರೆದಿದ್ದರು. ಹಾಗಾಗಿ ಅಂತರ್ಜಾಲದ ಉಚಿತ ಪಾಠಗಳನ್ನು ಓದಿ ಮೊದಲಿನಿಂದ ಕಲಿತಳು. ಆಗ ಎದುರಾಯಿತು ಒಂದು ನಿಯಮ. ಹೊಸಬರ ಆ್ಯಪ್ ಸ್ಟೋರ್‌ಗೆ ಹೋಗುವ ಮೊದಲು ಹನ್ನೆರಡು ಜನ ಸತತ ಹದಿನಾಲ್ಕು ದಿನ ಅದನ್ನು ಬಳಸಿ ನೋಡಬೇಕು. ಆ್ಯಪನ್ನು ಸ್ಟೋರ್‌ಗೆ ಹಾಕುವುದು ಹೇಗೆಂದು ಅವಳು ನೋಡಿ ನಂಬಿದ್ದ ವಿಡಿಯೊ ಈ ನಿಯಮಕ್ಕಿಂತ ಹಳೆಯದು. ಕೋಚಿಂಗ್ ಸೆಂಟರ್‌ಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: “ಅದೆಲ್ಲ ನಮ್ ಸಿಲಬಸ್‌ನಲ್ಲಿ ಬರಲ್ಲಮ್ಮ.”

ಹನ್ನೆರಡು ಜನರಿಗೆ ಬರವೇ? ಮನೆಯಲ್ಲಿ ನಾಮಕರಣವಿತ್ತು. ಎರಡನೇ ಪಂಕ್ತಿ ಏಳುವಷ್ಟರಲ್ಲಿ ಹನ್ನೆರಡು ಫೋನ್‌ಗಳಿಗೆ ಆ್ಯಪ್ ಇಳಿದಿತ್ತು. ಅದರಲ್ಲಿ ನನ್ನದೂ ಒಂದು.

ಹದಿನಾಲ್ಕು ದಿನ ಮುಗಿದ ಮೇಲೆ ಸ್ಟೋರ್ ಒಂದು ಫಾರಂ ಕೊಟ್ಟಿತು. ಬಳಸಿದವರು ಏನು ಹೇಳಿದರು, ನೀವು ಏನು ಬದಲಿಸಿದಿರಿ? ರಂಜಿತಾ ಬಳಿ ಇದ್ದದ್ದು ಹನ್ನೆರಡು ಹೊಗಳಿಕೆ. ‘ಎಲ್ಲರಿಗೂ ಇಷ್ಟವಾಗಿದೆ, ಏನೂ ಬದಲಿಸಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದಳು. ಪರೀಕ್ಷೆ ಸಾಲದು, ಇನ್ನೂ ಹದಿನಾಲ್ಕು ದಿನ ಮಾಡಿ ಎಂಬ ಉತ್ತರ ಬಂತು. ಇಂಟರ್‌ವ್ಯೂ ಇದ್ದದ್ದು ಅಲ್ಲಿಂದ ಎಂಟನೇ ದಿನಕ್ಕೆ.

ಆಲ್ಕೊಳದ ಕಥೆ ನನಗೆ ಗೊತ್ತಾದದ್ದು ಆಮೇಲೆ. ನೇರ ದೊಡ್ಡಮ್ಮನನ್ನೇ ಕೇಳಿದೆ.

“ಬಸ್ ಬರ್ಲಿಲ್ಲ ಅಂತ ಯಾಕೆ ಬರೀಲಿಲ್ಲ?”

“ಭಾನುವಾರ ಆ ಬಸ್ ಇರಲ್ಲ ಕಣೆ. ಎಲ್ರಿಗೂ ಗೊತ್ತು.”

“ಮತ್ತೆ ನೀವ್ಯಾಕೆ ನಿಂತ್ರಿ?”

“ಪುಟ್ಟಿ ಆ್ಯಪಲ್ಲಿ ಇದೆ ಅಂದ್ಮೇಲೆ ಹೊಸದಾಗಿ ಬಿಟ್ಟಿರ್ಬೋದು ಅಂದ್ಕೊಂಡೆ.”

“ಮನೆಗೆ ಬಂದ್ಮೇಲಾದ್ರೂ ಹೇಳ್ಬೋದಿತ್ತಲ್ಲ.”

“ಹೆಣ್ಮಗು ಆರು ತಿಂಗಳು ಕೂತು ಮಾಡಿದೆ. ಸರಿಯಿಲ್ಲ ಅಂತ ಹ್ಯಾಗೆ ಹೇಳ್ಲಿ? ನೀನೊಬ್ಳು, ಎಲ್ಲದಕ್ಕೂ ವಾದ.”

ಹೌದು, ವಾದವೇ; ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು. ಮದುವೆ ಊಟದ ಸಾರಿಗೆ ಉಪ್ಪು ಕಡಿಮೆ ಎಂದು ಪಂಕ್ತಿಯಲ್ಲೇ ಕೂಗಿ ಹೇಳುವವರು ನಾವು. ಗುರುತಿಲ್ಲದವರ ಆ್ಯಪ್ ಅರೆಕ್ಷಣ ತಡವಾದರೆ ಒಂದೇ ಸ್ಟಾರ್ ಒತ್ತುವವರು ನಾವು. ಮನೆಯ ಹುಡುಗಿ ‘ತಪ್ಪು ಹುಡುಕಿ ಕೊಡಿ’ ಎಂದು ಬಾಯಿಬಿಟ್ಟು ಕೇಳಿದಾಗ ಮಾತ್ರ ನಮಗೆ ದಾಕ್ಷಿಣ್ಯ. ಇದನ್ನು ಪ್ರೀತಿ ಎನ್ನಬೇಕೆ? ನೋಡುವ ಶ್ರಮ ತಪ್ಪಿಸಿಕೊಳ್ಳಲು ಹೊಗಳಿಕೆಯಷ್ಟು ಸುಲಭದ ದಾರಿ ಇನ್ನೊಂದಿಲ್ಲ. ನಮ್ಮ ಮಾವ ‘ಇನ್ನು ಆ್ಯಪ್ ಮಾಡಲು ಮನುಷ್ಯರೇ ಬೇಡ, ಎಐ ಸಾಕು’ ಎಂಬ ಸುದ್ದಿಯನ್ನು ಫ್ಯಾಮಿಲಿ ಗ್ರೂಪ್‌ಗೆ ದಿನಕ್ಕೆರಡು ಸಲ ಹಾಕುತ್ತಾರೆ. ಹನ್ನೆರಡರಲ್ಲಿ ಅವರೂ ಒಬ್ಬರು. ಆ ಸುದ್ದಿ ಓದುವ ಹೊತ್ತಿನಲ್ಲಿ ಒಂದು ಬಸ್ಸನ್ನು ಹುಡುಕಿ ನೋಡಬಹುದಿತ್ತು.

ರಂಜಿತಾಗೆ ಫೋನ್ ಮಾಡಿ ಭಾನುವಾರದ ವಿಷಯ ಹೇಳಿದೆ.

“ಅದು ಅರ್ಧ ಗಂಟೆ ಕೆಲಸ ಅಕ್ಕ. ಯಾರಾದ್ರೂ ಒಬ್ರು ಹೇಳಿದ್ರೆ ಸಾಕಿತ್ತು.”

“ಇಂಟರ್‌ವ್ಯೂ ಏನಾಯ್ತು?”

“ಲಿಂಕ್ ಇಲ್ದೆ ಹೋದೆ. ಮುಂದಿನ ಸಲ ನೋಡೋಣ ಅಂದ್ರು.” ಆಮೇಲೆ ಮೆತ್ತಗೆ ಕೇಳಿದಳು: “ನೀನು ಅದ್ರಲ್ಲಿ ಯಾವ ಬಸ್ ನೋಡಿದ್ದೆ ಮಾರಾಯ್ತಿ?”

ಫೋನ್ ಇಟ್ಟು, ನಾನು ಏನು ಬರೆದಿದ್ದೆ ಎಂದು ತೆಗೆದು ನೋಡಿದೆ. ಮೂರು ಬೆಂಕಿ ಎಮೋಜಿ. ನಾಮಕರಣದ ದಿನವೇ ಒತ್ತಿದ್ದು, ಬಾಳೆ ಎಲೆಯ ಮುಂದೆ ಕೂತು.

ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಗುರುತೇ ಇಲ್ಲದ ಎದುರಾಳಿಗಳ ಮಾತಿನಲ್ಲಿ ನಾಲ್ಕು ನಿಮಿಷಕ್ಕೆ ಹತ್ತು ತಪ್ಪು ಹುಡುಕಿದ ನನಗೆ, ತಂಗಿಯ ಆ್ಯಪನ್ನು ಒಮ್ಮೆ ತೆರೆದು ನೋಡಲು ಹದಿನಾಲ್ಕು ದಿನ ಸಾಲಲಿಲ್ಲವೇ?